ದಂಡ ಕಟ್ಟಿದರೆ ಮುಗಿಯುವುದಿಲ್ಲ

ಅಮೆರಿಕದಲ್ಲಿ ಹೊರ ರಾಜ್ಯದಲ್ಲಿ ಬಿದ್ದ ಅತಿವೇಗದ ಟಿಕೆಟ್‌ಗೆ ದಂಡ ಕಟ್ಟಿಬಿಟ್ಟರೆ ತಲೆನೋವು ಮುಗಿಯಿತು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಖಂಡಿತ ಹಾಗಿಲ್ಲ. ದಂಡ ಕಟ್ಟುವುದೆಂದರೆ ಸಾಮಾನ್ಯವಾಗಿ ತಪ್ಪೊಪ್ಪಿಕೊಂಡಂತೆಯೇ. ಬಹುತೇಕ ರಾಜ್ಯಗಳು ಪರಸ್ಪರ ಒಪ್ಪಂದದಂತೆ ಆ ಮಾಹಿತಿಯನ್ನು ಲೈಸೆನ್ಸ್ ಕೊಟ್ಟ ರಾಜ್ಯಕ್ಕೆ ಕಳುಹಿಸುತ್ತವೆ. ಮುಂದಿನದು ಆಯಾ ರಾಜ್ಯದ ಕಾನೂನು. ನ್ಯೂಜೆರ್ಸಿ ಇಂಥ ಟಿಕೆಟ್‌ಗೆ ತನ್ನ ಚಾಲಕರಿಗೆ 2 ಪಾಯಿಂಟ್ (ಲೈಸೆನ್ಸ್ ದಾಖಲೆಗೆ ಸೇರುವ ತಪ್ಪಿನ ಅಂಕ) ಹಾಕುತ್ತದೆ. ನ್ಯೂಯಾರ್ಕ್ ಹಾಕುವುದಿಲ್ಲ, ಆದರೆ ಕೆನಡಾದ ಒಂಟಾರಿಯೊ, ಕ್ವಿಬೆಕ್‌ಗಳಲ್ಲಿ ಸಿಕ್ಕಿಬಿದ್ದರೆ ಹಾಕುತ್ತದೆ! ವರ್ಜೀನಿಯಾದಲ್ಲಿ ಗಂಟೆಗೆ 85 ಮೈಲಿ ದಾಟಿದರೆ ಕ್ರಿಮಿನಲ್ ಪ್ರಕರಣವೇ ಆಗಬಹುದು. ವೀಸಾದ ಮೇಲಿರುವ ನಮ್ಮ ಹುಡುಗರು ಇದನ್ನು ದಯವಿಟ್ಟು ಗಮನಿಸಬೇಕು. ಟಿಕೆಟ್ಟನ್ನು ಕಾರಿನ ಡ್ರಾಯರ್‌ಗೆ ತುರುಕಿ ಮರೆತರಂತೂ ಲೈಸೆನ್ಸ್ ಅಮಾನತಾಗುವ ಅಪಾಯವಿದೆ. ವಿಮೆಯ ಕಂತು ಏರುವ ವಿಷಯವನ್ನೂ ಲೇಖನದಲ್ಲಿ ಸೇರಿಸಿ.