ಹಣ್ಣು ಯಾರದು, ಭರಣಿ ಯಾರದು

ಸ್ವೀಡನ್ನಿನಲ್ಲಿ ನೆಲೆಸಿರುವ ಊರಿನವರು ಸೇರಿದಾಗ ಎರಡು ಮಾತು ತಪ್ಪದೆ ಬರುತ್ತವೆ. ಇಲ್ಲಿಯವರು ಮನೆಯಲ್ಲಿ ಜಾಮ್ ಮಾಡುವಾಗಲೂ ತಕ್ಕಡಿ, ಥರ್ಮಾಮೀಟರ್ ಇಟ್ಟುಕೊಂಡು ಎಷ್ಟು ಶಿಸ್ತಿನಿಂದ ಮಾಡುತ್ತಾರೆ, ನಮ್ಮಲ್ಲಿ ಎಲ್ಲವೂ ಕೈಯಂದಾಜು ಎಂಬುದು ಒಂದು. ಏನೇ ಹೇಳಿ, ನಮ್ಮ ಅಮ್ಮಂದಿರ ಕೈರುಚಿ ಇವರಿಗೆಲ್ಲಿಂದ ಬರಬೇಕು ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಅರ್ಧ ಸತ್ಯವಿದೆ. ಎರಡನೆಯದನ್ನು ಹೇಳುವವರು ಸಾಮಾನ್ಯವಾಗಿ ಭರಣಿಯೊಂದನ್ನು ತೊಳೆದೂ ಗೊತ್ತಿಲ್ಲದವರು. ಉಡುಪಿ ಜಿಲ್ಲೆಯ ಹೆಬ್ರಿಯ ಕಡೆ ಹುಟ್ಟಿ ಬೆಳೆದು ಈಗ ಉಪ್ಸಾಲಾದಲ್ಲಿ ಸಂಸಾರ ಮಾಡುತ್ತಿರುವ ನನಗೆ ಎರಡು ಊರುಗಳ ನಡುವೆ ಕಾಣುವ ವ್ಯತ್ಯಾಸ ತಕ್ಕಡಿಯದೂ ಅಲ್ಲ, ಕೈರುಚಿಯದೂ ಅಲ್ಲ.

ಇಲ್ಲಿ ಹಣ್ಣು ಕಾಪಿಡುವುದು ಚಳಿಗಾಲಕ್ಕೆ, ನಮ್ಮಲ್ಲಿ ಮಳೆಗಾಲಕ್ಕೆ. ಎಲ್ಲರಿಗೂ ಗೊತ್ತಿರುವ ಸಂಗತಿಯೇ. ಆದರೆ ಚಳಿಗಾಲ ಹೊಸ ಹಣ್ಣು ಸಿಗದಂತೆ ಮಾಡುತ್ತದೆಯೇ ಹೊರತು ಇಟ್ಟದ್ದನ್ನು ಕೆಡಿಸುವುದಿಲ್ಲ. ಕೆಡದಂತೆ ಕಾಯುವುದೂ ಅದೇ. ಇಲ್ಲಿಯ ಹಳೆಯ ಹಳ್ಳಿಮನೆಗಳ ಪಕ್ಕದಲ್ಲಿ ದಿಬ್ಬ ಕೊರೆದು, ಕಲ್ಲು ಕಟ್ಟಿ, ಮೇಲೆ ಮಣ್ಣು ಹೊದಿಸಿದ ನೆಲಮಾಳಿಗೆಗಳಿವೆ. ಬಾಗಿಲು ತೆರೆದರೆ ಸೆಪ್ಟೆಂಬರಿನಲ್ಲೂ ಮೈ ನಡುಗುವಷ್ಟು ತಂಪು. ಜಾಡಿಯನ್ನು ಅಲ್ಲಿಟ್ಟರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧವನ್ನು ಸಕ್ಕರೆ ನೋಡಿಕೊಳ್ಳುತ್ತದೆ.

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹೊರಗೆ ಧಾರಾಕಾರ, ಒಳಗೆ ಸೆಕೆ. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಹವೆ ಬೇಕೇ? ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ, ಚಪ್ಪಲಿಯ ಮೇಲೆ ಬಿಳಿ ಪದರ ಕಟ್ಟುತ್ತದೆ, ತೆರೆದಿಟ್ಟ ಉಪ್ಪು ನೀರಾಗುತ್ತದೆ. ಇಂಥ ನಾಲ್ಕು ತಿಂಗಳನ್ನು ಫ್ರಿಜ್ಜಿಲ್ಲದೆ ದಾಟಿಸಿದ ವಿದ್ಯೆಯನ್ನು ಕೈಯಂದಾಜು ಎಂದು ತಳ್ಳಿಹಾಕುವವರ ಮೇಲೆ ನನಗೆ ಸಿಟ್ಟಿದೆ.

ದೊಡ್ಡಮ್ಮ ಪತ್ತನಾಜೆಯನ್ನು ಗಡುವು ಎಂದು ಇಟ್ಟುಕೊಂಡಿದ್ದರು. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24 ಅಥವಾ 25. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ ಅವರ ಭರಣಿಗಳ ಬಾಯಿ ಕಟ್ಟಿ ಆಗಿರಬೇಕು. ಅದಕ್ಕೆ ಮೊದಲು ಭರಣಿಯ ಪರೀಕ್ಷೆ ನಡೆಯುತ್ತಿತ್ತು. ತೊಳೆದು ಬಿಸಿಲಿಗಿಟ್ಟ ಭರಣಿಯನ್ನು ಬೆರಳ ಗೆಣ್ಣಿನಿಂದ ತಟ್ಟುವುದು, ಟಣ್ ಎಂದರೆ ಸರಿ, ಸ್ವರ ಒಡೆದರೆ ಬಿರುಕಿದೆ ಎಂದು ಅರ್ಥ, ಅದು ಅಂದಿನಿಂದ ಅಕ್ಕಿ ಹಿಟ್ಟಿಗೆ. ಪಾಸಾದ ಭರಣಿಯನ್ನು ಕೆಂಡದ ಮೇಲೆ ಇಂಗಿನ ಚೂರು ಹಾಕಿ, ಆ ಹೊಗೆಯ ಮೇಲೆ ಬೋರಲು ಹಿಡಿಯುತ್ತಿದ್ದರು. ಆಮೇಲೆ ಅದರೊಳಗೆ ಒದ್ದೆ ಕೈ ಹಾಕಿದವನ ಗತಿ ಮುಗಿಯಿತು. ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಉಪ್ಪುನೀರಿನ ಮಾವಿನಕಾಯಿ, ಕರಂಡೆಕಾಯಿ (ಕವಳಿಕಾಯಿ) ಇವಕ್ಕೆಲ್ಲ ಉಪ್ಪೇ ಕಾವಲು. ಕಾಟು ಮಾವಿನ ರಸವನ್ನು ಚಾಪೆಯ ಮೇಲೆ ದಿನಕ್ಕೊಂದು ಪದರ ಬಳಿದು ಒಣಗಿಸಿದ ಮಾಂಬಳ, ಹಲಸಿನ ಹಪ್ಪಳ, ಹಲಸಿನ ಬೀಜ ಬೇಯಿಸಿ ಒಣಗಿಸಿದ ಸಾಂತಾಣಿ ಇವಕ್ಕೆ ಬಿಸಿಲು. ಒಣಗಿದ್ದೆಲ್ಲ ಅಡುಗೆ ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತಿತ್ತು. ಮಳೆಗಾಲದಲ್ಲಿ ಮನೆಯಲ್ಲಿ ನಿಜವಾಗಿ ಒಣಗಿರುತ್ತಿದ್ದ ಜಾಗ ಅದೊಂದೇ. ನಡು ಮಳೆಗಾಲದ ಆಟಿ ತಿಂಗಳಲ್ಲಿ ತರಕಾರಿ ಇಲ್ಲವಾದಾಗ ಇವುಗಳೇ ಊಟ.

ಸಕ್ಕರೆಯ ದಾರಿಯೂ ನಮಗೆ ಹೊಸದಲ್ಲ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ಸಿನ ಕುಸ್ವಾರ್ ಎಂಬ ತಿಂಡಿಗಳ ತಟ್ಟೆಗೆ ಪೇರಳೆ ಹಣ್ಣನ್ನು ಸಕ್ಕರೆಯೊಂದಿಗೆ ಗಟ್ಟಿಯಾಗುವವರೆಗೆ ಕಾಯಿಸಿ, ಬರ್ಫಿಯ ಹಾಗೆ ಕತ್ತರಿಸಿ ಇಡುತ್ತಾರೆ. ಪುನರ್ಪುಳಿಯದ್ದು, ಅಂದರೆ ಕೋಕಂ ಹಣ್ಣಿನದ್ದು, ಇನ್ನೂ ನಾಜೂಕು. ಹಣ್ಣನ್ನು ಎರಡು ಹೋಳು ಮಾಡಿ, ಬಿಳಿ ತಿರುಳಿನ ಬೀಜ ತೆಗೆದರೆ ಉಳಿಯುವುದು ಎರಡು ಪುಟ್ಟ ಬಟ್ಟಲು. ಒಂದೊಂದಕ್ಕೂ ಸಕ್ಕರೆ ತುಂಬಿ ಭರಣಿಯಲ್ಲಿ ಸಾಲಾಗಿ ಪೇರಿಸಬೇಕು. ಸಿಪ್ಪೆಯ ತೂಕದಷ್ಟು ಸಕ್ಕರೆಯಂತೂ ಬೇಕು, ಹೆಚ್ಚಿದ್ದರೆ ಒಳ್ಳೆಯದು. ಬಟ್ಟೆ ಕಟ್ಟಿಟ್ಟರೆ ಸಕ್ಕರೆಯೇ ರಸವನ್ನು ಎಳೆದುಕೊಂಡು, ಒಂದೆರಡು ದಿನದಲ್ಲಿ ತಳದಲ್ಲಿ ಕಡುಗೆಂಪು ಪಾಕ ನಿಲ್ಲುತ್ತದೆ, ವಾರದಲ್ಲಿ ಸಿಪ್ಪೆ ಅದರಲ್ಲಿ ತೇಲುತ್ತದೆ. ಬೆಂಕಿಯ ಹಂಗೇ ಇಲ್ಲ. ಈಗ ಕೆಲವರು ಅವಸರಕ್ಕೆ ಕುದಿಸುತ್ತಾರೆ. ಪುನರ್ಪುಳಿಯ ಕೆಂಪು ಆಂಥೋಸಯಾನಿನ್ ಎಂಬ ವರ್ಣದ್ರವ್ಯದ್ದು, ಕಾವು ಹೆಚ್ಚಾದಷ್ಟೂ ಅದು ಮಾಸುತ್ತದೆ. ಕುದಿಸಿದ ಪಾಕ ಇಟ್ಟಿಗೆ ಬಣ್ಣಕ್ಕೆ ತಿರುಗಿದ ಮೇಲೆ ಅದಕ್ಕೆ ಪುಡಿಬಣ್ಣ ಸೇರಿಸಿ ಮಾರುವವರನ್ನೂ ನೋಡಿದ್ದೇನೆ.

ಇದೇ ಉಪಾಯ ಇಲ್ಲಿಯ ಲಿಂಗೋನ್ ಹಣ್ಣಿನಲ್ಲಿದೆ ಎಂದು ತಿಳಿದಾಗ ಖುಷಿಯಾಯಿತು. ಆಗಸ್ಟ್ ಕೊನೆಯಿಂದ ಸೆಪ್ಟೆಂಬರಿನಲ್ಲಿ ಪೈನ್ ಕಾಡಿನ ನೆಲದಲ್ಲಿ ಮಣಿಯಂಥ ಕೆಂಪು ಹಣ್ಣು. ಹುಳಿ, ಹಿಂದೆಯೇ ಸಣ್ಣ ಕಹಿ. ಬ್ಲೂಬೆರಿ, ಸ್ಟ್ರಾಬೆರಿಗಳನ್ನು ಸಕ್ಕರೆಯೊಂದಿಗೆ ಕುದಿಸಿ ಜಾಮ್ ಮಾಡುತ್ತಾರೆ. 104, 105 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಪಾಕ ಬಂತೆಂದು ಲೆಕ್ಕ. ಇಲ್ಲವೇ ತಣ್ಣಗಿನ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಬೆರಳಿನಿಂದ ತಳ್ಳಿದಾಗ ಸುಕ್ಕುಗಟ್ಟಬೇಕು. ಲಿಂಗೋನನ್ನು ಮಾತ್ರ ಅನೇಕರು ಒಲೆಗೆ ತೋರಿಸುವುದಿಲ್ಲ. ಒಂದು ಕಿಲೋ ಹಣ್ಣಿಗೆ 400ರಿಂದ 500 ಗ್ರಾಂ ಸಕ್ಕರೆ ಸುರಿದು, ಕರಗುವವರೆಗೆ ಆಗಾಗ ಮರದ ಸೌಟಿನಿಂದ ಕಲಕಿ ಜಾಡಿಗೆ ತುಂಬುತ್ತಾರೆ. ಆ ಹಣ್ಣಿನೊಳಗೇ ಬೆಂಜೋಯಿಕ್ ಆಮ್ಲವಿದೆ. ಸಾಸ್ ಬಾಟಲಿಯ ಮೇಲೆ ಇ211 ಎಂದು ಬರೆದಿರುವ ಸೋಡಿಯಂ ಬೆಂಜೋಯೇಟ್ ಅದರದೇ ಲವಣ. ಬೀಟ್ ಸಕ್ಕರೆ ಅಗ್ಗವಾಗುವುದಕ್ಕೆ ಮೊದಲು, ಬಡವರು ಲಿಂಗೋನನ್ನು ಬರೀ ನೀರಿನಲ್ಲಿ ಮುಳುಗಿಸಿ ಚಳಿಗಾಲ ಕಳೆಯುತ್ತಿದ್ದರು. ಅದನ್ನು ಮಾಂಸದ ಉಂಡೆಗೂ ಕರಿದ ಹೆರಿಂಗ್ ಮೀನಿಗೂ ನಂಚಿಕೊಳ್ಳುತ್ತಾರೆ. ಹುಳಿ ಹಾಕದೆ ಬಂಗುಡೆ ಸಾರು ಮಾಡದ ನಮ್ಮವರು ಇದಕ್ಕೆ ಮೂಗು ಮುರಿಯುವುದು ನನಗೆ ಅರ್ಥವಾಗುವುದಿಲ್ಲ. ನಮ್ಮ ಮನೆಯಲ್ಲಿ ಬೆಲ್ಲ, ಹಸಿಮೆಣಸು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಲಿಂಗೋನ್ ಸಾರೂ ಆಗುತ್ತದೆ. ಪರವಾಗಿಲ್ಲ ಎನ್ನಬಹುದು. ಪುನರ್ಪುಳಿ ಸಾರಿನ ಹತ್ತಿರ ಸುಳಿಯುವುದಿಲ್ಲ.

ಹಾಗಾಗಿ ವಿದ್ಯೆಯ ವಿಷಯದಲ್ಲಿ ನಾವು ಇವರಿಂದ ಕಲಿಯಬೇಕಾದ್ದು ಹೆಚ್ಚೇನಿಲ್ಲ. ಈಗ ಎರಡೂ ಕಡೆ ಹಬ್ಬಿರುವ ಒಂದು ಖಾಯಿಲೆಯನ್ನು ಮಾತ್ರ ಹೇಳಿಬಿಡುತ್ತೇನೆ: ಆರೋಗ್ಯದ ಹೆಸರಿನಲ್ಲಿ ಸಕ್ಕರೆಯನ್ನೂ ಉಪ್ಪನ್ನೂ ಅರ್ಧಕ್ಕಿಳಿಸಿ, ಆಮೇಲೆ ಜಾಡಿಯನ್ನು ಮೊದಲಿನಂತೆ ಕಪಾಟಿನಲ್ಲೇ ಇಡುವುದು. ಸಕ್ಕರೆ, ಉಪ್ಪು ಅಲ್ಲಿರುವುದು ರುಚಿಗಷ್ಟೇ ಅಲ್ಲ, ಸೂಕ್ಷ್ಮಜೀವಿಗಳಿಗೆ ನೀರು ಸಿಗದಂತೆ ಮಾಡುವುದಕ್ಕೆ. ಕಡಿಮೆ ಮಾಡುವುದಾದರೆ ಫ್ರಿಜ್ಜಿನಲ್ಲಿಡಿ, ಇಲ್ಲವೇ ಕಡಿಮೆ ತಿನ್ನಿ.

ಸ್ವೀಡನ್ನಿನ ನಿಜವಾದ ಹೆಚ್ಚುಗಾರಿಕೆ ಇರುವುದು ಹಣ್ಣು ಯಾರದು ಎಂಬಲ್ಲಿ. ಇಲ್ಲಿ ಯಾರು ಬೇಕಾದರೂ ಯಾರ ಕಾಡಿಗೆ ಬೇಕಾದರೂ ಹೋಗಿ ಕಾಡುಹಣ್ಣು, ಅಣಬೆ ಕೊಯ್ಯಬಹುದು. ಮನೆಯಂಗಳಕ್ಕೆ ನುಗ್ಗಬಾರದು, ಬೆಳೆ ತುಳಿಯಬಾರದು, ಅಷ್ಟೇ. ತಲೆತಲಾಂತರದ ಈ ರೂಢಿಯನ್ನು 1994ರಲ್ಲಿ ಸಂವಿಧಾನದಲ್ಲೇ ಬರೆದುಕೊಂಡರು. ವಲಸೆ ಬಂದ ನನಗೂ, ಮೂರು ತಲೆಮಾರಿನಿಂದ ಇಲ್ಲೇ ಇರುವ ಪಕ್ಕದ ಮನೆಯವರಿಗೂ ಲಿಂಗೋನ್ ಮೇಲೆ ಒಂದೇ ಹಕ್ಕು. ಭಾನುವಾರ ಬಸ್ಸಿನಲ್ಲಿ ಬಕೆಟ್ ಹಿಡಿದು, ಹಣ್ಣು ಬಾಚುವ, ಹಲ್ಲುಹಲ್ಲಾದ ಬಾಯಿಯ ಕೆಂಪು ಗೋರಿ ಹಿಡಿದು ಕಾಡಿಗೆ ಹೊರಟವರಲ್ಲಿ ಪ್ರಾಧ್ಯಾಪಕರೂ ಇರುತ್ತಾರೆ, ಕಸದ ಲಾರಿ ಓಡಿಸುವವರೂ ಇರುತ್ತಾರೆ. ಇದನ್ನೇ ಸ್ವರ್ಗ ಎಂದು ಹಾಡಿ ಹೊಗಳುವ ಅಗತ್ಯವಿಲ್ಲ. ಕಾರ್ಖಾನೆಗೆ ಹೋಗುವ ಹಣ್ಣನ್ನು ವರ್ಷಗಟ್ಟಲೆ ಕೊಯ್ದವರು ಬಹುಪಾಲು ಥಾಯ್ಲೆಂಡಿನಿಂದ ಬಂದ ಹಂಗಾಮಿ ಕೂಲಿಯವರು. ಸಾಲ ಮಾಡಿ ಬಂದು, ಹೊತ್ತು ಹುಟ್ಟುವ ಮೊದಲೇ ಕಾಡಿಗಿಳಿಯುತ್ತಿದ್ದವರು. ಅವರನ್ನು ಸುಲಿದ ಪ್ರಕರಣಗಳು ನ್ಯಾಯಾಲಯದವರೆಗೂ ಹೋಗಿವೆ. ಅಂಗಡಿಯ ಜಾಮ್ ಕೊಳ್ಳುವಾಗ ಇದು ನೆನಪಿರಲಿ.

ನಮ್ಮ ಕರಾವಳಿಯಲ್ಲೂ ಹಕ್ಕುಗಳಿವೆ, ಆದರೆ ಅವು ಜಮೀನಿಗೆ ಅಂಟಿಕೊಂಡು ಬಂದವು. ಕುಮ್ಕಿಯನ್ನೇ ನೋಡಿ. ವರ್ಗದ, ಅಂದರೆ ಪಟ್ಟಾ ಇರುವ, ಜಮೀನಿನಿಂದ 450 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಹುಲ್ಲಿನ ಸವಲತ್ತು ಆ ಜಮೀನು ಇದ್ದವನಿಗೆ. ಜಮೀನೇ ಇಲ್ಲದವನಿಗೆ ಕುಮ್ಕಿಯೂ ಇಲ್ಲ. ಅದರಾಚೆ ಅರಣ್ಯ ಇಲಾಖೆಯ ಕಾಡು. ಅಲ್ಲಿ ಹಣ್ಣು, ಕಾಯಿಯಂಥ ಕಿರು ಉತ್ಪನ್ನಕ್ಕೆ ಟೆಂಡರು. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನಲ್ಲಿ ಬಾಳುವವರಿಗೆ ಕಿರು ಉತ್ಪನ್ನದ ಹಕ್ಕನ್ನು ಕಾಗದದಲ್ಲಿ ಕೊಟ್ಟಿದೆ, ಅದು ಬೇರೆ ಮಾತು. ಇತ್ತ ಗುಡ್ಡೆಯಲ್ಲಿ ಮೇ ತಿಂಗಳಲ್ಲಿ ಪುನರ್ಪುಳಿ ನೆಲ ಕೆಂಪಾಗುವಷ್ಟು ಉದುರುತ್ತದೆ. ಯಜಮಾನರು ಹೆಕ್ಕುವುದಿಲ್ಲ, ಹೆಕ್ಕಲು ಬಂದ ಮಕ್ಕಳನ್ನು ಬಿಡುವುದೂ ಇಲ್ಲ. ಮೊದಲ ಮಳೆಗೆ ಎಲ್ಲ ಕೊಳೆಯುತ್ತದೆ. ಅದೇ ಮನೆಯ ಮೇಜಿನ ಮೇಲೆ ಮಂಗಳೂರಿನ ಮಾಲ್‌ನಿಂದ ತಂದ ಬ್ಲೂಬೆರಿ ಜಾಮ್ ಬಾಟಲಿ ಕೂತಿರುತ್ತದೆ. ನಾನು ಊರಿಗೆ ಹೋದಾಗ ಅದನ್ನು ನನ್ನ ಮುಂದೆ ಪ್ರೀತಿಯಿಂದ ಇಡುತ್ತಾರೆ, ವಿದೇಶದಿಂದ ಬಂದವನಿಗೆ ಇಷ್ಟವಾದೀತು ಎಂದು.

ಭರಣಿ ಯಾರದು ಎಂಬುದು ಇದಕ್ಕಿಂತ ಕಷ್ಟದ ಪ್ರಶ್ನೆ. ನಮ್ಮ ಮನೆಗಳಲ್ಲಿ ಆ ವಿದ್ಯೆ ಇರುವುದು ಮನೆಗೊಬ್ಬ ಹಿರಿಯ ಹೆಂಗಸಿನ ಕೈಯಲ್ಲಿ. ಗಂಡಸರ ಪಾಲಿಗೆ ಬಂದದ್ದು ಅಟ್ಟದಿಂದ ಭರಣಿ ಇಳಿಸುವುದು, ಉಂಡು ತೀರ್ಪು ಕೊಡುವುದು. ಸೊಸೆಯಂದಿರಿಗೆ ಮಡಿಯ ಕಟ್ಟು, ಮುಟ್ಟಿನ ಕಟ್ಟು. ಒದ್ದೆ ಕೈ ಹಾಕಬೇಡಿ, ಸೌಟು ಒಣಗಿರಲಿ ಎಂದರೆ ಸಾಕಿದ್ದ ಕಡೆ ಇಷ್ಟು ದೊಡ್ಡ ಬೇಲಿ ಹಾಕಿದರು. ಫಲವಾಗಿ ದೊಡ್ಡಮ್ಮನಂಥವರು ಹೋದಾಗ ಅವರೊಂದಿಗೆ ಅಳತೆಯೂ ಹೋಗುತ್ತದೆ. ಉಪ್ಪು ಎಷ್ಟು ಎಂದು ಕೇಳಿದರೆ ಅವರು ಅಂಗೈ ತೋರಿಸುತ್ತಿದ್ದರು. ಅವರ ಅಂಗೈಗೆ ಅದು ಸರಿಯಾದ ಅಳತೆಯೇ. ನನ್ನ ಅಂಗೈ ದೊಡ್ಡದು.

ಇಲ್ಲಿ ನನ್ನ ಕಚೇರಿಯಲ್ಲಿ ಸೆಪ್ಟೆಂಬರ್ ಬಂದರೆ ಗಂಡಸರೇ ಜಾಡಿ ಬದಲಾಯಿಸಿಕೊಳ್ಳುತ್ತಾರೆ. ಮುಚ್ಚಳದ ಮೇಲೆ ಹಣ್ಣಿನ ಹೆಸರು, ವರ್ಷ, ಕೆಲವೊಮ್ಮೆ ಸಕ್ಕರೆ ಎಷ್ಟು ಎಂಬುದೂ ಬರೆದಿರುತ್ತದೆ. ಕೊಯ್ದ ಜಾಗ ಮಾತ್ರ ಗುಟ್ಟು. ಅಣಬೆಯ ಜಾಗದ ವಿಷಯದಲ್ಲಂತೂ ಅಣ್ಣತಮ್ಮಂದಿರ ನಡುವೆಯೂ ನಂಬಿಕೆಯಿಲ್ಲ. ರುಚಿಯಲ್ಲಿ ಎಷ್ಟೋ ಜಾಡಿಗಳು ಸಾಧಾರಣ. ಆದರೆ ಇಪ್ಪತ್ತೈದರ ಹುಡುಗನಿಗೂ ಆ ಕೆಲಸ ಬರುತ್ತದೆ. ನಮ್ಮೂರಿನ ಇಪ್ಪತ್ತೈದರ ಹುಡುಗನಿಗೆ ಪುನರ್ಪುಳಿ ಹೋಳು ಮಾಡಲು ಕತ್ತಿ ಎಲ್ಲಿದೆ ಎಂದೇ ಗೊತ್ತಿರುವುದಿಲ್ಲ.

ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಹಲಸು ನಮ್ಮ ಕಣ್ಣೆದುರಿಗೇ ಇದೆ. ಪುತ್ತೂರಿನ ‘ಅಡಿಕೆ ಪತ್ರಿಕೆ’ ಹಲಸಿನ ಬಗ್ಗೆ ವರ್ಷಗಟ್ಟಲೆ ಬಿಡದೆ ಬರೆಯಿತು. ಕೃಷಿಕರೇ ತಾವು ಮಾಡಿದ್ದನ್ನು ಬರೆದರು. ದನಕ್ಕೆ ಹಾಕುತ್ತಿದ್ದ ಹಣ್ಣಿಗೆ ಈಗ ಮೇಳಗಳು ನಡೆಯುತ್ತವೆ. ಪುನರ್ಪುಳಿಗೆ ಆ ಭಾಗ್ಯ ಅಷ್ಟಾಗಿ ಬಂದಿಲ್ಲ. ಕೋಕಂನ ಭೌಗೋಳಿಕ ಗುರುತಿನ ಮಾನ್ಯತೆ ಮಹಾರಾಷ್ಟ್ರದ ಸಿಂಧುದುರ್ಗ ಮತ್ತು ರತ್ನಾಗಿರಿಗೆ ಸಿಕ್ಕಿತು. ಅವರು ಕೇಳಿದರು, ಪಡೆದರು, ತಪ್ಪೇನಿಲ್ಲ.

ಪುರುಸೊತ್ತು ಎಲ್ಲಿದೆ ಎಂದು ಊರಿನ ದಾಯಾದಿಗಳು ನನ್ನನ್ನು ಕೇಳುತ್ತಾರೆ. ಪುನರ್ಪುಳಿ ಹಣ್ಣಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಶಾಲೆಗೆ ರಜೆ, ಬೆಂಗಳೂರು ಮುಂಬಯಿಯವರೆಲ್ಲ ಮದುವೆ, ದೇವಸ್ಥಾನದ ಬ್ರಹ್ಮಕಲಶ ಎಂದು ಬಂದು ಮನೆ ತುಂಬಿರುತ್ತಾರೆ. ಸಂಜೆ ಜಗಲಿಯಲ್ಲಿ ಹತ್ತು ಗಂಡಸರು ಕೂತು ಅಡಿಕೆ ಧಾರಣೆ, ಚುನಾವಣೆ, ಯಾವ ಮೇಳದ ಭಾಗವತರು ಈ ಸಲ ಹೇಗೆ ಹಾಡಿದರು ಎಂದು ಎರಡು ಗಂಟೆ ಮಾತಾಡುತ್ತಾರೆ. ಮಧ್ಯೆ ಒಂದು ಬುಟ್ಟಿ ಪುನರ್ಪುಳಿ, ನಾಲ್ಕು ಕತ್ತಿ ಇಟ್ಟರೆ ಬಾಯಿಗೆ ಯಾವ ಅಡ್ಡಿಯೂ ಇಲ್ಲ. ಬೆರಳಿನ ಕಲೆ ಎರಡು ದಿನ ಇರುತ್ತದೆ, ಮದುವೆಯ ಫೋಟೋದಲ್ಲಿ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತರಾಯಿತು.