ಸತ್ಯಾಂಶ: ಮಂಗಟ್ಟೆಗೆ ಎರಡು ಕೊಕ್ಕಿಲ್ಲ, ಅದು ಮಳೆ ನೀರಿಗೆ ಕಾಯುವುದೂ ಇಲ್ಲ

ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ದೊಡ್ಡ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯ ಫೋಟೋ ಒಂದು ಓಡಾಡುತ್ತಿದೆ. 'ಇದಕ್ಕೆ ಎರಡು ಕೊಕ್ಕು. ನೀರು ಕುಡಿಯಲಾಗದೆ ಬಾಯಿ ತೆರೆದು ಮಳೆಗೆ ಕಾಯುತ್ತದೆ' ಎಂದು ಅದರ ಕೆಳಗೆ ಬರೆದಿದೆ. ಇದು ನಿಜವಲ್ಲ.

ಕೊಕ್ಕು ಒಂದೇ. ಮೇಲಿರುವುದು ಟೋಪಿಯಂಥ ಉಬ್ಬು, ಒಳಗೆ ಬಹುಪಾಲು ಟೊಳ್ಳು. ಇನ್ನು ನೀರಿನ ವಿಷಯ. ಅತ್ತಿ, ಆಲದಂಥ ಹಣ್ಣುಗಳೇ ಇದರ ಮುಖ್ಯ ಆಹಾರ. ಬೇಕಾದ ನೀರು ಹೆಚ್ಚಾಗಿ ಅದರಲ್ಲೇ ಸಿಗುತ್ತದೆ. ತಲೆ ಎತ್ತಿ ಬಾಯಿ ತೆರೆಯುವುದು ಕೊಕ್ಕಿನ ತುದಿಯ ಹಣ್ಣನ್ನು ಗಂಟಲಿಗೆ ಎಸೆದುಕೊಳ್ಳಲು. ಹಣ್ಣು ಬಿಟ್ಟ ಮರದ ಹತ್ತಿರ ಸುಮ್ನೆ ನಿಂತರೆ ನೀವೇ ನೋಡಬಹುದು.

ಕಾಫಿ ತೋಟದ ನೆರಳು ಮರಗಳಲ್ಲಿ ಜಾಸ್ತಿ ಕಾಣುವುದು ಬೂದು ಮಂಗಟ್ಟೆ, ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ ಹಕ್ಕಿ. ಇದಕ್ಕೆ ಆ ಉಬ್ಬೇ ಇಲ್ಲ! ಗಂಡಿನ ಕೊಕ್ಕು ಕಿತ್ತಳೆ, ಹೆಣ್ಣಿನದು ಮಾಸಲು ಹಳದಿ. ಕರ್ಕಶವಾಗಿ ನಕ್ಕಂತೆ ಕೂಗುತ್ತದೆ. ದೊಡ್ಡ ಮಂಗಟ್ಟೆ ಸುಮಾರು 1 ಮೀಟರ್ ಉದ್ದ, ಹಾರುವಾಗ ರೆಕ್ಕೆಯ ಸದ್ದು ದೂರದಿಂದಲೇ ಕೇಳುತ್ತದೆ. ಬಿಳಿ ಬಾಲಕ್ಕೆ ಅಡ್ಡಲಾಗಿ ಕಪ್ಪು ಪಟ್ಟಿ. ಕಣ್ಣು ಕೆಂಪಾಗಿದ್ದರೆ ಗಂಡು, ಬೆಳ್ಳಗಿದ್ದರೆ ಹೆಣ್ಣು.

ಗೂಡಿನ ಪೊಟರೆ ಕಂಡರೆ ಮಾತ್ರ ದಯವಿಟ್ಟು ದೂರವಿರಿ. ಪೊಟರೆಯ ಬಾಯಿ ಮುಚ್ಚಿಕೊಂಡು ಒಳಗೇ ಕೂತ ಹೆಣ್ಣಿಗೆ ಗಂಡು ತರುವ ಹಣ್ಣೇ ಊಟ. ನೀವು ಕೆಳಗೆ ನಿಂತಿದ್ದರೆ ಅದು ಹತ್ತಿರ ಬರಲು ಹೆದರುತ್ತದೆ.