ಸೇವ್ ಮಾಡುವ ಮೊದಲೇ ಕರೆಂಟ್ ಹೋಯಿತು

ನಿನ್ನೆ ರಾತ್ರಿಯೂ ಹಾಗೇ ಆಯಿತು. ಟಿವಿಯಲ್ಲಿ ಗೇಮ್ ಆಡುತ್ತಿದ್ದೆ, ಸೇವ್ ಮಾಡುವ ಜಾಗ ಎದುರಿಗೇ ಕಾಣುತ್ತಿತ್ತು. ಅಷ್ಟರಲ್ಲಿ ಎಲ್ಲೋ ಸಿಲ್ವರ್ ಓಕ್ ಕೊಂಬೆ ಲೈನಿನ ಮೇಲೆ ಬಿತ್ತು, ಟಿವಿ ಕಪ್ಪಾಯಿತು. ಸಂಜೆಯಿಂದ ಕೊಂದ ರಾಕ್ಷಸರೆಲ್ಲ ಮತ್ತೆ ಎದ್ದು ಕೂತರು.

ಈ ಜಪಾನಿ ಆರ್‌ಪಿಜಿ, ಅಂದರೆ ಕಥೆಯೊಳಗಿನ ಪಾತ್ರವಾಗಿ ಆಡುವ ಗೇಮ್, ಮಾಡಿದವರು ಯಾರೂ ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆಯಲ್ಲಿ ಕೊಡಗಿಗೆ ಬಂದವರಲ್ಲ. ಬೇಕೆಂದಲ್ಲಿ ಸೇವ್ ಮಾಡುವ ಹಾಗಿಲ್ಲ, ಮೊದಲು ಗೇಮಿನೊಳಗಿನ ಊರು ಸೇರಬೇಕು. ಗೇಮ್ ತಂದುಕೊಟ್ಟ ಅಕ್ಕನ ಮಗನಿಗೆ ಬೆಂಗಳೂರಿಗೆ ಫೋನ್ ಮಾಡಿ ಬೈದೆ. "ನೀವು ಪುಣ್ಯ ಮಾಡಿದ್ದೀರಿ ಮಾವಾ" ಅಂದ. 1986ರಲ್ಲಿ ಜಪಾನಿನಲ್ಲಿ ಬಂದ ಡ್ರ್ಯಾಗನ್ ಕ್ವೆಸ್ಟ್ ಅನ್ನೋ ಗೇಮಿನಲ್ಲಿ ಸೇವ್ ಅನ್ನೋದೇ ಇರಲಿಲ್ಲವಂತೆ. ರಾಜ 20 ಅಕ್ಷರದ ಮಂತ್ರ ಹೇಳುತ್ತಾನೆ, ಅದನ್ನು ಬರೆದಿಟ್ಟುಕೊಂಡು ಮುಂದಿನ ಸಲ ತಪ್ಪಿಲ್ಲದೆ ಒತ್ತಬೇಕು. ಎರಡನೇ ಗೇಮಿನ ಹೊತ್ತಿಗೆ ಮಂತ್ರ 52 ಅಕ್ಷರದವರೆಗೆ ಬೆಳೆದಿತ್ತಂತೆ. ಇದನ್ನು ಕೇಳಿ ನನಗೆ ಸಮಾಧಾನ ಆಗಬೇಕು!

"ಮೊದಲ 20 ಗಂಟೆ ಸ್ವಲ್ಪ ನಿಧಾನ, ಆಮೇಲೆ ನೋಡಿ" ಅಂತಲೂ ಹೇಳಿದ. ಆ 20 ಗಂಟೆಯಲ್ಲಿ ನಾನು ಮೈಸೂರಿಗೆ ಹೋಗಿ, ಮದುವೆ ಊಟ ಮಾಡಿ, ವಾಪಸ್ ಬಂದು, ಒಂದು ನಿದ್ದೆಯನ್ನೂ ಮುಗಿಸುತ್ತೇನೆ.

ಹೋಗಲಿ, ಹೊಡೆದಾಟವಾದರೂ ಬಿರುಸಾಗಿದೆಯಾ? ಅದೂ ಸರದಿ ಪ್ರಕಾರ. ನಾನು ಹೊಡೆಯಲಾ, ಮಂತ್ರ ಹಾಕಲಾ, ಓಡಲಾ ಅಂತ ಪಟ್ಟಿ ಓದುತ್ತಾ ಕೂತರೆ ರಾಕ್ಷಸ ಪಾಪ ಸುಮ್ನೆ ಕಾಯುತ್ತಾನೆ. ನಮ್ಮ ತೋಟಕ್ಕೆ ಹಲಸಿನ ಹಣ್ಣಿಗೆ ಬರುವ ಆನೆಗೆ ಯಾರಾದರೂ ಈ ನಿಯಮ ಹೇಳಿಕೊಡಬೇಕು. ಅಲ್ಲಿ ಪಟ್ಟಿಯಲ್ಲಿರೋದು ಒಂದೇ: ಓಡು.

ನನಗೆ ಎಲ್ಲಕ್ಕಿಂತ ಜಾಸ್ತಿ ತಲೆಕೆಟ್ಟಿದ್ದು ಆ ಊರಿನ ಜನರಿಂದ. ನಾನು ಆಡಿಸುವ ಮುಳ್ಳುಗೂದಲಿನ ಹುಡುಗ ಯಾರದೋ ಮನೆಗೆ ನುಗ್ಗಿ, ಮಡಕೆ ಒಡೆದು, ಪೆಟ್ಟಿಗೆಯಲ್ಲಿದ್ದ ದುಡ್ಡು ತೆಗೆದುಕೊಳ್ಳುತ್ತಾನೆ. ಮನೆಯವರು "ಉತ್ತರದ ಗುಹೆ ಅಪಾಯ" ಅನ್ನುತ್ತಾರೆ. ಮತ್ತೆ ಮಾತಾಡಿಸಿ, ಅದೇ ಮಾತು. ಗುಹೆಗೆ ಹೋಗಿ ರಾಕ್ಷಸನನ್ನು ಕೊಂದು ಬನ್ನಿ, ಬಾವಿ ಹತ್ತಿರದ ಅಜ್ಜಿಗೆ ಇನ್ನೂ ಉತ್ತರದ ಗುಹೆಯದ್ದೇ ಚಿಂತೆ. ಯಾವ ಮನೆಯವನಪ್ಪಾ ನೀನು, ಕಾಫಿ ಕುಡಿದೆಯಾ, ಒಂದು ವಿಚಾರಣೆ ಇಲ್ಲ.

ಒಂದೇ ಮಾತಿನ ಮನುಷ್ಯರು ನಮ್ಮಲ್ಲೂ ಇದ್ದರು ಅನ್ನಿ. ಪಕ್ಕದ ತೋಟದ ಅಣ್ಣ ಬೆಳಗ್ಗೆ ಬೇಲಿ ಹತ್ತಿರ ಬಂದು "ಎಷ್ಟು ಇಂಚು?" ಅನ್ನುತ್ತಿದ್ದರು. ಮಳೆ ಅಳತೆ ನಮ್ಮಲ್ಲಿ ಇನ್ನೂ ಇಂಚು, ಸೆಂಟಿನಲ್ಲೇ ತಾನೇ, ನೂರು ಸೆಂಟಿಗೆ ಒಂದು ಇಂಚು. ನಾನು "2 ಇಂಚು 30 ಸೆಂಟು" ಅಂದರೆ "ನಮ್ಮಲ್ಲಿ 2 80" ಅನ್ನುತ್ತಿದ್ದರು. ನಾನು ಸುಳ್ಳೇ 4 ಅಂದರೆ ಅವರದ್ದು 4 ಕಾಲು. ಮಾರ್ಚ್‌ನಲ್ಲಿ ಕಾಫಿ ಹೂ ಮಳೆಗೆ ಎಲ್ಲರೂ ಆಕಾಶ ನೋಡುತ್ತಾ ಕೂತಾಗಲೂ ಅವರ ತೋಟದಲ್ಲಿ ರಾತ್ರಿ 10 ಸೆಂಟು ಬಿದ್ದಿರುತ್ತಿತ್ತು. ನಡುವೆ ಇರೋದು ಒಂದು ಬೇಲಿ! ಮೋಡ ಬೇಲಿ ನೋಡಿಕೊಂಡು ಸುರಿಯುತ್ತಾ? ಒಮ್ಮೆ ನನಗೆ ಜ್ವರ ಬಂದು ಮಲಗಿದ್ದಾಗ ಕಿಟಕಿಗೆ ಬಂದರು. ಜ್ವರ 102 ಅಂದೆ. "ನನಗೆ ಹೋದ ವಾರ 103 ಇತ್ತು" ಅಂದರು.

ಈಗ ಅವರು ಮಗನ ಜೊತೆ ಮೈಸೂರಿನ ಫ್ಲಾಟಿನಲ್ಲಿದ್ದಾರೆ. ಮಳೆ ಅಳೆಯುವ ಡಬ್ಬಿ ಇಡೋಕೆ ಅಲ್ಲಿ ಅಂಗಳ ಇಲ್ಲವಂತೆ. ಈ ಸಲ 6 ಇಂಚು ಬಿದ್ದ ದಿನ ಹೇಳೋಕೆ ಯಾರೂ ಇರಲಿಲ್ಲ. ಗೇಮಿನ ಅಜ್ಜಿಯಾದರೆ ಯಾವಾಗ ಹೋದರೂ ಬಾವಿ ಹತ್ತಿರವೇ ನಿಂತಿರುತ್ತಾಳೆ. ಆದರೆ ಅವಳಿಗೆ ಮಳೆ ಬೇಕಾಗಿಲ್ಲ.

ಅಳಿಯ ಇನ್ನೊಂದು ಗೇಮ್ ಕಳಿಸುತ್ತಾನಂತೆ. ಅದರಲ್ಲಿ ಮಾತಾಡುವ ಬೆಕ್ಕಿದೆಯಂತೆ, ಶುರುವಿನ 30 ಗಂಟೆ ಸ್ವಲ್ಪ ನಿಧಾನವಂತೆ. ಮೊದಲು ಯುಪಿಎಸ್ ಕಳಿಸು ಅಂದಿದ್ದೇನೆ.